ಆರ್‌ಎಕ್ಸ್ ಕೊಳ್ಳುವ ಮೊದಲು ಆರ್‌ಸಿ ಓದಿ

ಉಡುಪಿಯಲ್ಲಿ ಗಾಡಿ ಇನ್ಶೂರೆನ್ಸ್, ಆರ್‌ಟಿಒ ಕಾಗದಪತ್ರದ ಕೆಲಸ ಮಾಡಿಕೊಡುವವಳು ನಾನು. ತಮ್ಮನದು ಕಟಪಾಡಿಯಲ್ಲಿ ಟೂ ವೀಲರ್ ಗ್ಯಾರೇಜು. ಈಗೀಗ ನಮ್ಮಿಬ್ಬರಿಗೂ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರದ್ದು: "ಅಕ್ಕ, ಒಂದು ಆರ್‌ಎಕ್ಸ್ ಹಂಡ್ರೆಡ್ ಉಂಟು. ಒಂದೂವರೆ ಹೇಳ್ತಿದ್ದಾರೆ. ತೆಗೊಳ್ಬಹುದಾ?" ಒಂದೂವರೆ ಅಂದರೆ ಒಂದೂವರೆ ಲಕ್ಷ. ಮೂವತ್ತು ವರ್ಷ ದಾಟಿದ, ಪೂರ್ತಿ ನೂರು ಸಿಸಿಯೂ ಇಲ್ಲದ ಯಮಾಹಾ ಬೈಕಿಗೆ. ಆ ದುಡ್ಡಿಗೆ ಶೋರೂಮಿನಿಂದ ಹೊಸ ಬೈಕಿಗೇ ಹಾರ ಹಾಕಿಸಿಕೊಂಡು ಮನೆಗೆ ಬರಬಹುದು ಮಾರಾಯ್ರೆ ಅಂದರೆ ಆಚೆ ಕಡೆಯಿಂದ ನಗು ಕೇಳುತ್ತದೆ, ಅಷ್ಟೆ. ತೆಗೊಳ್ಳುವುದೆಂದು ನಿಶ್ಚಯಿಸಿಯೇ ಫೋನ್ ಮಾಡಿರುತ್ತಾರೆ.

ಹಾಗಾಗಿ ಬೇಡ ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಹೇಗೆ ತೆಗೊಳ್ಳಬೇಕು ಎಂದು ಮಾತ್ರ ಹೇಳುತ್ತೇನೆ. ಹಳೆ ಬೈಕಿನಲ್ಲಿ ಮೊದಲು ನೋಡುವುದು ಕಾಗದ, ಆಮೇಲೆ ಚಾಸಿಸ್, ಅಂದರೆ ಬೈಕಿನ ಫ್ರೇಮು, ಕೊನೆಗೆ ಎಂಜಿನ್. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಪೇಂಟ್ ನೋಡಿ ಮರುಳಾಗುತ್ತಾರೆ, ಸೌಂಡ್ ಕೇಳಿ ಅಡ್ವಾನ್ಸ್ ಕೊಡುತ್ತಾರೆ, ಕಾಗದವನ್ನು ಮನೆಗೆ ಬಂದ ಮೇಲೆ ಬಿಚ್ಚುತ್ತಾರೆ. ಎಂಜಿನ್ ಕೆಟ್ಟರೆ ತಮ್ಮನಂಥವರು ಊರಿಗೆ ಇಬ್ಬರಾದರೂ ಇದ್ದಾರೆ. ಪೇಂಟ್ ಹೋದರೆ ಹೊಡೆಸಬಹುದು. ಕಾಗದ ಕೆಟ್ಟಿದ್ದರೆ ಯಾವ ಲೇತಿನಲ್ಲೂ ಅದನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ.

ರೇಟು ಏರಿದ್ದು ಯಾಕೆ

ಯಮಾಹಾ ಆರ್‌ಎಕ್ಸ್ 100 ಬಂದದ್ದು 1985ರ ಕೊನೆಗೆ, ಎಸ್ಕಾರ್ಟ್ಸ್ ಕಂಪೆನಿಯ ಮೂಲಕ. 98 ಸಿಸಿ, ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಎಂಜಿನ್), 11 ಹಾರ್ಸ್‌ಪವರ್, ತೂಕ ಒಂದು ಕ್ವಿಂಟಾಲಿನ ಆಸುಪಾಸು. ತೂಕ ಕಡಿಮೆ, ಎಳೆತ ಜಾಸ್ತಿ. ಅದರ ಮೋಡಿಯೆಲ್ಲ ಇಷ್ಟರಲ್ಲೇ ಉಂಟು. 1996ಕ್ಕೆ ತಯಾರಿ ನಿಂತಿತು. ಹೊಗೆಯ ನಿಯಮ ಬಿಗಿಯಾದ ಹಾಗೆ ಟೂ ಸ್ಟ್ರೋಕ್ ಬೈಕುಗಳೆಲ್ಲ ಒಂದೊಂದಾಗಿ ಹಿಂದೆ ಸರಿದವು. ಹೊಸದು ಹುಟ್ಟುವುದಿಲ್ಲ, ಇದ್ದದ್ದು ವರ್ಷವರ್ಷ ಗುಜರಿಗೆ ಹೋಗಿ ಕಡಿಮೆಯಾಗುತ್ತದೆ.

ಕೇಳುವವರು ಮಾತ್ರ ಹೆಚ್ಚುತ್ತಿದ್ದಾರೆ. ಒಂದು ಗುಂಪು ನನ್ನ ಪ್ರಾಯದವರು. ಕಾಲೇಜಿಗೆ ಹೋಗುವಾಗ ಯಾರದೋ ಆರ್‌ಎಕ್ಸ್ ನೋಡಿ ಬಾಯಿ ಚಪ್ಪರಿಸಿ, ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿದವರು. ಈಗ ಕುವೈಟಿನಲ್ಲೋ ಬೆಂಗಳೂರಿನಲ್ಲೋ ಸಂಪಾದಿಸಿ ಆ ಆಸೆ ತೀರಿಸಿಕೊಳ್ಳಲು ಬರುತ್ತಾರೆ. ಇನ್ನೊಂದು ಗುಂಪು ಇಪ್ಪತ್ತರ ಹುಡುಗರು, ಆರ್‌ಎಕ್ಸ್ ನಿಂತ ಮೇಲೆ ಹುಟ್ಟಿದವರು, ರೀಲ್ಸ್ ನೋಡಿ ಬರುವವರು. ಮೊದಲನೆಯವರ ಹತ್ತಿರ ದುಡ್ಡಿದೆ, ಎರಡನೆಯವರಿಗೆ ಅವಸರ. ಬ್ರೋಕರುಗಳಿಗೆ ಇಬ್ಬರೂ ಬೇಕು. ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ, ಸುಜುಕಿ ಶೋಗನ್, ಹಳೆ ಚೇತಕ್, ಕಾಸ್ಟ್ ಐರನ್ ಬುಲೆಟ್ ಎಲ್ಲದರದ್ದೂ ಸುಮಾರು ಇದೇ ಕಥೆ. ಕೆಳಗಿನ ಮಾತುಗಳಲ್ಲಿ ಮುಕ್ಕಾಲು ಪಾಲು ಅವುಗಳಿಗೂ ಅನ್ವಯಿಸುತ್ತದೆ.

ಕಾಗದ

ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇರುವ ಹೆಸರು ಮತ್ತು ನಿಮ್ಮೆದುರು ನಿಂತವರ ಹೆಸರು ಒಂದೇ ಆಗಿರಬೇಕು. ಕೇಳಲಿಕ್ಕೆ ಸುಲಭ, ಸಿಗುವುದು ಕಷ್ಟ. ಹಳೆ ಬೈಕುಗಳು ನಾಲ್ಕೈದು ಕೈ ದಾಟಿರುತ್ತವೆ, ಟ್ರಾನ್ಸ್‌ಫರ್ ಮಾತ್ರ ಒಮ್ಮೆಯೂ ಆಗಿರುವುದಿಲ್ಲ. ಬ್ರೋಕರ್ ಒಂದು ಪ್ಲಾಸ್ಟಿಕ್ ಕವರಿನಿಂದ ಟ್ರಾನ್ಸ್‌ಫರಿಗೆ ಬೇಕಾದ, ಹಳದಿ ತಿರುಗಿದ ಫಾರ್ಮ್ 29, ಫಾರ್ಮ್ 30 ತೆಗೆದು, "ಸೈನ್ ಎಲ್ಲ ಉಂಟು, ನಿಮ್ಮ ಹೆಸರು ಬರೆದರೆ ಮುಗಿಯಿತು" ಎನ್ನುತ್ತಾನೆ. ಮುಗಿಯುವುದಿಲ್ಲ. ಈಗ ಟ್ರಾನ್ಸ್‌ಫರಿನ ಅರ್ಜಿ ಆನ್‌ಲೈನಿನಲ್ಲಿ ಹೋಗುತ್ತದೆ, ಮಾಲಿಕರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಖಾಲಿ ಫಾರ್ಮಿಗೆ ಸೈನ್ ಹಾಕಿದ ಶಿರ್ವದ ಮನುಷ್ಯ ಈಗ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಯಾರಿಗೆ ಗೊತ್ತು? ಆರ್‌ಸಿ ಮಾಲಿಕರು ಖುದ್ದಾಗಿ ಬಂದು ಆಧಾರ್ ತೋರಿಸಿ ಒಟಿಪಿ ಕೊಡುತ್ತಾರೆ ಎಂದರೆ ಮಾತ್ರ ಮುಂದಿನ ಮಾತು.

ಮಾಲಿಕರು ತೀರಿಕೊಂಡಿದ್ದರೆ ದಾರಿ ಬೇರೆ. ಕಾಪುವಿನ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಬೈಕು ಅಪ್ಪನ ಹೆಸರಿನಲ್ಲಿ, ಮಾರಲಿಕ್ಕೆ ಹೊರಟವನು ದೊಡ್ಡ ಮಗ. "ಅಪ್ಪನದ್ದು ಅಂದ್ರೆ ನನ್ನದೇ ಅಲ್ವಾ ಅಕ್ಕ?" ಎಂದು ಕೇಳಿದ. ಅಲ್ಲ ಮಗಾ. ಫಾರ್ಮ್ 31 ಹಾಕಬೇಕು, ಮರಣ ಪ್ರಮಾಣಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ತಮ್ಮ ಬಹರೈನಿನಲ್ಲಿ, ತಂಗಿ ಡೊಂಬಿವಲಿಯಲ್ಲಿ. ಬೈಕು ಕೊಟ್ಟಿಗೆಯಲ್ಲಿ ಅಡಿಕೆ ಗೋಣಿಯ ಹಿಂದೆ ಬಿದ್ದಿದ್ದಾಗ ಇಬ್ಬರೂ ಅದನ್ನು ತಿರುಗಿ ನೋಡಿದವರಲ್ಲ. ಲಕ್ಷದ ಮಾತು ಕಿವಿಗೆ ಬಿದ್ದದ್ದೇ ತಂಗಿಗೆ ಅಪ್ಪನ ನೆನಪು ಉಕ್ಕಿ ಬಂತು: "ಅಪ್ಪನ ಬೈಕು ಮಾರುವುದು ಬೇಡ." ಕೊಳ್ಳಲು ಬಂದ ಹುಡುಗ ಟೋಕನ್ ಎಂದು ಇಪ್ಪತ್ತು ಸಾವಿರ ಕೊಟ್ಟು ಆಗಿತ್ತು. ಆ ದುಡ್ಡು ವಾಪಸ್ ಬಂತು, ಆದರೆ ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಇಂಥಲ್ಲಿ ಮಾರುವವರು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ನಿಮಗೆ ಮಾರಲಿ. ಅಲ್ಲಿಯ ತನಕ ಐದು ಪೈಸೆ ಕೊಡಬೇಡಿ.

ಎರಡನೆಯದು ಆರ್‌ಸಿಯ ಅವಧಿ. ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 1992ರ ಬೈಕಾದರೆ 2007, 2012, 2017, 2022 ಹೀಗೆ ಲೆಕ್ಕ ಹಾಕಿ. ಎಲ್ಲಿ ನಿಂತಿದೆ ನೋಡಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಬೈಕಿನ ನವೀಕರಣಕ್ಕೆ 1,000 ರೂಪಾಯಿ ಇತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ 2,000 ಆಯಿತು. ಆರ್‌ಎಕ್ಸ್ 100 ಎಲ್ಲವೂ 20 ದಾಟಿದವೇ. ಇದರ ಮೇಲೆ ಹಸಿರು ತೆರಿಗೆ, ಎಮಿಷನ್ ಸರ್ಟಿಫಿಕೇಟು, ಇನ್ಶೂರೆನ್ಸು, ತಡವಾಗಿದ್ದರೆ ಅದರ ದಂಡ. ದುಡ್ಡು ಕಟ್ಟಿದರೆ ಸಾಲದು, ಬೈಕನ್ನು ಇನ್‌ಸ್ಪೆಕ್ಟರ ಎದುರು ನಿಲ್ಲಿಸಬೇಕು. ಅವರು ಚಾಸಿಸ್ ನಂಬರು, ಲೈಟು, ಹಾರನ್, ಇಂಡಿಕೇಟರ್ ನೋಡುತ್ತಾರೆ, ಈ ಪರೀಕ್ಷೆಗೇ ಎಫ್‌ಸಿ ಎನ್ನುವುದು. ಹಾಗಾಗಿ "ಎಫ್‌ಸಿ ಒಂದು ಮಾಡಿಸಿದ್ರೆ ಆಯ್ತು" ಎಂದು ಮಾರುವವರು ಹಗುರವಾಗಿ ಹೇಳಿದರೆ ನೀವೂ ಅಷ್ಟೇ ಹಗುರವಾಗಿ ಹೇಳಿ, "ಮಾಡಿಸಿ ಕೊಡಿ, ಹೇಳಿದ ರೇಟು ಕೊಡುತ್ತೇನೆ." ಅಷ್ಟು ಸುಲಭದ ಕೆಲಸವಾಗಿದ್ದರೆ ಅವರೇ ಮಾಡಿಸಿ ಹತ್ತು ಸಾವಿರ ಜಾಸ್ತಿಗೆ ಮಾರುತ್ತಿದ್ದರು.

ಮೂರನೆಯದು, ಗಾಡಿ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ. ಮಾಡೆಲ್, ನೋಂದಣಿಯ ತಾರೀಕು, ಅವಧಿ, ಇನ್ಶೂರೆನ್ಸ್ ಬರುತ್ತದೆ. ಸಾಲದ ನಮೂದು ಇದ್ದರೆ ಅದೂ ಕಾಣುತ್ತದೆ. 1990ರಲ್ಲಿ ಬೈಕು ಕೊಳ್ಳಲು ಕೊಟ್ಟ ಸಾಲ ಯಾವಾಗಲೋ ತೀರಿರುತ್ತದೆ, ಆದರೆ ಬ್ಯಾಂಕಿನಿಂದ ಫಾರ್ಮ್ 35 ತಂದು ನಮೂದು ತೆಗೆಸಲು ಯಾರಿಗೂ ನೆನಪಾಗಿರುವುದಿಲ್ಲ. ಸಾಲ ಕೊಟ್ಟ ಬ್ಯಾಂಕೇ ಈಗ ಬೇರೆ ಬ್ಯಾಂಕಿನಲ್ಲಿ ಸೇರಿಹೋಗಿದೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ್ಯಪಿನಲ್ಲಿ ನಂಬರೇ ಸಿಗದಿದ್ದರೆ ಗಾಬರಿ ಬೇಡ. ಕೆಎ ಬರುವ ಮುಂಚಿನ ಮೂರಕ್ಷರದ ನಂಬರುಗಳಲ್ಲಿ ಇದು ಸಾಮಾನ್ಯ, ದಾಖಲೆ ಇನ್ನೂ ರಿಜಿಸ್ಟರ್ ಪುಸ್ತಕದಲ್ಲೇ ಉಳಿದಿರಬಹುದು. ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು, ಅದಕ್ಕೆ ಮೂಲ ಆರ್‌ಸಿ ಪುಸ್ತಕ ಕೈಯಲ್ಲಿ ಇರಬೇಕು. ಪುಸ್ತಕವೂ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ ಎಂದರೆ ಅದು ಬೈಕಲ್ಲ, ಬಿಡಿಭಾಗದ ರಾಶಿ. ಆ ರೇಟಿಗೆ ಸಿಕ್ಕಿದರೆ ತೆಗೊಳ್ಳಿ.

ತಲಪಾಡಿ ದಾಟಿದರೆ ಕೇರಳ, ಹಾಗಾಗಿ ಕೆಎಲ್-14 ನಂಬರಿನ ಬೈಕುಗಳು ಮಂಗಳೂರಿಗೆ ಬರುತ್ತಲೇ ಇರುತ್ತವೆ. ದೆಹಲಿಯ ಡಿಎಲ್ ನಂಬರಿನವೂ ಬರುತ್ತವೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಕೋರ್ಟಿನ ಆದೇಶದ ಕಾಟ. ಹೊರ ರಾಜ್ಯದ ಬೈಕಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಅಂದರೆ ಫಾರ್ಮ್ 28, ಮಾರುವವರೇ ತಂದುಕೊಡಬೇಕು. ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಹೊಸ ನಂಬರು ತೆಗೊಳ್ಳಬೇಕು. ಇಷ್ಟು ಓಡಾಟದ ಖರ್ಚನ್ನು ರೇಟಿನಲ್ಲಿ ಕಳೆದು ಮಾತಾಡಿ.

ಪೆನ್ಸಿಲ್, ಬಿಳಿ ಕಾಗದ

ಆರ್‌ಸಿ ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಅದು ಇದೇ ಬೈಕಿನದ್ದೇ? ರೇಟು ಏರಿದ ಮೇಲೆ ಶುರುವಾದ ದಂಧೆ ಒಂದಿದೆ. ಗುಜರಿಗೆ ಹೋದ ಬೈಕಿನ ಆರ್‌ಸಿ ಒಂದೇ ಮಾರಾಟವಾಗುತ್ತದೆ. ಅದರ ನಂಬರನ್ನು ಬೇರೆ ಚಾಸಿಸ್ಸಿಗೆ, ಕೆಲವೊಮ್ಮೆ ಕದ್ದ ಗಾಡಿಯ ಚಾಸಿಸ್ಸಿಗೆ, ಪಂಚ್ ಮಾಡುತ್ತಾರೆ.

ಚಾಸಿಸ್ ನಂಬರು ಹ್ಯಾಂಡಲ್ ಕೆಳಗೆ, ಸ್ಟೀರಿಂಗ್ ನೆಕ್ಕಿನ ಮೇಲೆ ಕೊರೆದಿರುತ್ತದೆ. ಎಂಜಿನ್ ನಂಬರು ಎಂಜಿನ್ನಿನ ಕೇಸ್ ಮೇಲೆ. ಆರ್‌ಎಕ್ಸ್ 100ರಲ್ಲಿ ಎರಡೂ 1ಎಲ್1 ಎಂದು ಶುರುವಾಗಬೇಕು. ನಂಬರಿನ ಮೇಲಿನ ಎಣ್ಣೆ, ಮಣ್ಣು ಒರೆಸಿ, ತೆಳು ಬಿಳಿ ಕಾಗದ ಒತ್ತಿಹಿಡಿದು ಪೆನ್ಸಿಲ್ ಮಲಗಿಸಿ ಉಜ್ಜಿ. ಆರ್‌ಟಿಒಗೂ ಇದೇ ಪ್ರಿಂಟ್ ಬೇಕು, ಹಾಗಾಗಿ ಕೆಲಸ ದಂಡವಲ್ಲ. ಕಂಪೆನಿ ಕೊರೆದ ಅಂಕಿಗಳು ಒಂದೇ ಎತ್ತರ, ಒಂದೇ ಆಳ, ಒಂದೇ ಗೆರೆಯಲ್ಲಿ ಮೂಡುತ್ತವೆ. ಕೈಯಲ್ಲಿ ಪಂಚ್ ಹಿಡಿದು ಸುತ್ತಿಗೆಯಲ್ಲಿ ಬಡಿದದ್ದಾದರೆ ಒಂದು 8 ಬಲಕ್ಕೆ ವಾಲುತ್ತದೆ, ಒಂದು 3 ಅರ್ಧವೇ ಮೂಡುತ್ತದೆ. ಅಂಕಿಗಳ ಹಿಂದೆ ಅಡ್ಡ ಗೀರುಗಳು ಕಾಗದದಲ್ಲಿ ಬಂದರೆ ಅದು ಗ್ರೈಂಡರ್ ಓಡಿದ ಗುರುತು. ಬೈಕೆಲ್ಲ ಹಳೆ ಪೇಂಟು, ನೆಕ್ಕಿನಲ್ಲಿ ಮಾತ್ರ ಹೊಸ ಕಪ್ಪು ಹೊಳಪು ಎಂದರೂ ಅನುಮಾನ ಪಡಿ. ಇಂಥ ಕಡೆ ವಾದ ಮಾಡುತ್ತ ನಿಲ್ಲಬೇಡಿ. "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದು ಹೊರಟು ಬನ್ನಿ.

ಎಂಜಿನ್ ನಂಬರು ಹೊಂದದಿದ್ದರೆ ಅಷ್ಟು ದೊಡ್ಡ ಅಪರಾಧವೆಂದು ನಾನು ತಿಳಿಯುವುದಿಲ್ಲ. ಸೀಜ್ ಆದ, ಅಂದರೆ ಒಳಗೆ ಕಚ್ಚಿಕೊಂಡು ನಿಂತುಹೋದ, ಎಂಜಿನ್ ಬದಲಿಸಿದವರು ಹಲವರು. ಆದರೆ ಆರ್‌ಟಿಒ ಅನುಮತಿ ತೆಗೊಂಡು ಆರ್‌ಸಿಯಲ್ಲಿ ಬರೆಸಿರಬೇಕು. ಬರೆಸಿಲ್ಲದಿದ್ದರೆ ನವೀಕರಣದ ದಿನ ಸಿಕ್ಕಿಬೀಳುವುದು ನೀವು.

ಕಡಲ ಬದಿಯ ತುಕ್ಕು

ಘಟ್ಟದ ಮೇಲಿನ ಬೈಕಿಗೂ ನಮ್ಮ ಕರಾವಳಿಯ ಬೈಕಿಗೂ ವ್ಯತ್ಯಾಸ ಇಲ್ಲೇ. ಆಗುಂಬೆ ಕಡೆ ಓಡಿದ್ದರೆ ಕ್ಲಚ್ ಪ್ಲೇಟು ಸವೆದಿರುತ್ತದೆ, ಚಾಸಿಸ್ ಗಟ್ಟಿ ಇರುತ್ತದೆ. ಮಲ್ಪೆ, ಪಡುಬಿದ್ರಿ, ಸುರತ್ಕಲ್, ಉಳ್ಳಾಲದಲ್ಲಿ ಕಡಲಿಗೆ ಹತ್ತಿರವಿದ್ದ ಬೈಕು ಮೇಲಿನಿಂದ ಎಷ್ಟೇ ಮಿಂಚಲಿ, ಒಳಗಿನಿಂದ ತಿಂದಿರುತ್ತದೆ.

ತಮ್ಮನ ಗ್ಯಾರೇಜಿಗೆ ಬಂದ ಒಂದು ಬೈಕಿನ ಸೀಟು ಎತ್ತಿದಾಗ ನಾನೂ ಅಲ್ಲಿದ್ದೆ. ಚೆರ್ರಿ ಕೆಂಪು ಬಣ್ಣ, ಕ್ರೋಮಿನಲ್ಲಿ ಮುಖ ನೋಡಬಹುದು. ಬೆಂಗಳೂರಿನ ಹುಡುಗ ಲಕ್ಷದ ಮೇಲೆ ಕೊಟ್ಟು ತಂದಿದ್ದ. ಸೀಟಿನ ಕೆಳಗೆ ಹಿಂದಿನ ಮಡ್‌ಗಾರ್ಡಿನ ಒಳಮೈ ಹಲಸಿನ ಸಿಪ್ಪೆಯ ಹಾಗೆ ಎದ್ದಿತ್ತು. ತಮ್ಮ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲ ಒತ್ತಿದ, ಆಚೆ ಕಡೆಯಿಂದ ಬೆಳಕು ಬಂತು. ಹಿಂದಿನ ಚಕ್ರವನ್ನು ಹಿಡಿದಿಡುವ ಸ್ವಿಂಗ್ ಆರ್ಮಿನ ಎಡಗಡೆಗಿಂತ ಬಲಗಡೆ ಹೆಚ್ಚು ಕೊರೆದಿತ್ತು. "ಮೀನಿನ ಗಾಡಿ," ಎಂದ. ನನಗೆ ಅರ್ಥವಾಗಲಿಲ್ಲ, ಆಮೇಲೆ ಅವನೇ ಬಿಡಿಸಿ ಹೇಳಿದ. ಮೀನು ಮಾರುವವರು ಹೆಚ್ಚಾಗಿ ಬಜಾಜ್ ಎಂ80 ಇಟ್ಟುಕೊಳ್ಳುತ್ತಿದ್ದರು, ಕೆಲವರ ಹತ್ತಿರ ಆರ್‌ಎಕ್ಸ್ ಕೂಡ ಇತ್ತು. ಹಿಂದಿನ ಕ್ರೇಟಿನಿಂದ ಐಸ್ ನೀರು ಉಪ್ಪಿನ ಜೊತೆ ದಿನವೂ ಒಂದೇ ಕಡೆ ತೊಟ್ಟಿಕ್ಕುತ್ತದೆ, ವರ್ಷಗಟ್ಟಲೆ. ಸ್ಟ್ಯಾಂಡ್ ಹಾಕಿದಾಗ ಗಾಡಿ ಯಾವ ಕಡೆ ವಾಲುತ್ತದೋ, ಕ್ರೇಟಿನ ತೂತು ಯಾವ ಕಡೆ ಇತ್ತೋ, ಆ ಕಡೆ ತಿನ್ನುತ್ತದೆ. ಪೇಂಟಿನವನಿಗೆ ಇದೆಲ್ಲ ಕಾಣುವುದಿಲ್ಲ, ಅವನು ಪುಟ್ಟಿ ಮೆತ್ತಿ ಮೇಲಿಂದ ಹೊಡೆಯುತ್ತಾನೆ.

ನೋಡಲಿಕ್ಕೆ ಹೋಗುವಾಗ ಒಂದು ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಇರಲಿ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಎಳೆಯಿರಿ, ಪುಟ್ಟಿ ದಪ್ಪ ಇದ್ದಲ್ಲಿ ಹಿಡಿತ ಸಡಿಲವಾಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಡಿ. ಕೆಂಪು ಪುಡಿ ಕಂಡರೆ ಕಾರ್ಬೊರೇಟರಿಗೂ ಅದೇ ಹೋಗಿರುತ್ತದೆ. ಆಮೇಲೆ ಅಂಗಳದಲ್ಲಿ ಗೋಣಿ ಹಾಸಿ ಮಲಗಿ ಕೆಳಗಿನಿಂದ ನೋಡಿ. ನಾಚಿಕೆ ಬೇಡ, ಲಕ್ಷ ಕೊಡುವವರು ನೀವು. ಎಂಜಿನ್ನಿನ ಕೆಳಗಿನ ಪೈಪು, ಮೇನ್ ಸ್ಟ್ಯಾಂಡಿನ ಬುಡ, ಫುಟ್‌ರೆಸ್ಟ್ ವೆಲ್ಡಿಂಗು, ಬ್ಯಾಟರಿ ಬಾಕ್ಸು, ರಿಮ್ಮಿಗೆ ಸ್ಪೋಕು ಸೇರುವ ಜಾಗ. ಚಾಸಿಸ್ ಪೈಪಿನಲ್ಲಿ ಪ್ಯಾಚ್ ವೆಲ್ಡಿಂಗ್ ಕಂಡರೆ ನಾನಾದರೆ ಬಿಡುತ್ತೇನೆ. ತಮ್ಮ ಇದರಲ್ಲಿ ಸ್ವಲ್ಪ ಧಾರಾಳಿ, ಸ್ಟ್ಯಾಂಡಿನ ಬುಡದ ವೆಲ್ಡಿಂಗಾದರೆ ಪರವಾಗಿಲ್ಲ ಎನ್ನುತ್ತಾನೆ.

ಎಂಜಿನ್: ತಮ್ಮ ಹೇಳಿದ್ದು

ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಚಹಾ ಕುಡಿಯಿರಿ, ಮಾತಾಡಿ, ತಣಿಯಲಿ. ತಣ್ಣಗಿನ ಎಂಜಿನ್ ಎರಡು ಮೂರು ಕಿಕ್ಕಿಗೆ ಏಳಬೇಕು. ಮೊದಲು ಹೊಗೆ ಬರುವುದು ಸಹಜ, ಟೂ ಸ್ಟ್ರೋಕ್ ಅಲ್ಲವೇ. ಬಿಸಿಯಾದ ಮೇಲೆ ಕಡಿಮೆಯಾಗಬೇಕು. ದಪ್ಪ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ. ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕೂಗಿಕೊಂಡರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ, ಮ್ಯಾಗ್ನೆಟ್ ಬದಿಯ ಸೀಲೂ ಇರಬಹುದು. ಇದು ಸಸಾರದ ದೋಷವಲ್ಲ, ಹೀಗೆ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ.

ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತ ಒಮ್ಮೆಲೇ ಆಕ್ಸಿಲೇಟರ್ ಕೊಡಿ. ಕೆಳಗಿನಿಂದ ಟಕಟಕ ಬಂದರೆ ಕ್ರ್ಯಾಂಕಿನ ಕೆಲಸ. ಗೇರು ನಾಲ್ಕೇ ಇರಬೇಕು. ಐದು ಬಿದ್ದರೆ ಒಳಗೆ ಕೂತಿರುವುದು ಆರ್‌ಎಕ್ಸ್ 100 ಎಂಜಿನ್ ಅಲ್ಲ. ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯೋ, ಕಿತ್ತುಹಾಕಿ ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡುತ್ತಿದ್ದಾರೋ ಕೇಳಿ. ಕಿತ್ತಿದ್ದರೆ ತಪ್ಪೇನಿಲ್ಲ, ಗೊತ್ತಿಲ್ಲದೆ ಬರೇ ಪೆಟ್ರೋಲ್ ಹಾಕಿದರೆ ಮಾತ್ರ ಮನೆ ಮುಟ್ಟುವುದಿಲ್ಲ.

ಬೋರ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡುವ ಕೆಲಸ, ಎಷ್ಟು ಸಲ ಆಗಿದೆ ಎನ್ನುವುದಕ್ಕೆ ಯಾರ ಮಾತೂ ಬೇಡ. ಹೆಡ್ಡಿನ ನಾಲ್ಕು ನಟ್ ಬಿಚ್ಚಿದರೆ ಪಿಸ್ಟನ್ ತಲೆಯ ಮೇಲೆ 0.25, 0.50, 0.75 ಎಂದು ಸೈಜು ಕೊರೆದಿರುತ್ತದೆ. 1.00 ಇದ್ದರೆ ಆ ಬ್ಲಾಕಿನ ಆಯುಷ್ಯ ಹೆಚ್ಚು ಕಡಿಮೆ ಮುಗಿಯಿತು. ಹೆಡ್ ಬಿಚ್ಚಲು ಒಪ್ಪುವ ಮಾಲಿಕರು ನೂರಕ್ಕೆ ಹತ್ತು ಜನ. ಒಪ್ಪಿದರೆ ಆ ಬೈಕಿಗೆ ಎರಡು ಸಾವಿರ ಜಾಸ್ತಿಯೇ ಕೊಡಿ ಎನ್ನುತ್ತಾನೆ ತಮ್ಮ. ಕಿಲೋಮೀಟರ್ ಮೀಟರನ್ನು ನೋಡುವುದು ದಂಡ.

ಜಪಾನ್, ವಿಂಟೇಜ್, ಓರಿಜಿನಲ್

ಈ ಮೂರು ಮಾತಿಗೆ ಬ್ರೋಕರುಗಳು ಪ್ರತ್ಯೇಕ ರೇಟು ಇಟ್ಟಿದ್ದಾರೆ. ಆರಂಭದ ಆರ್‌ಎಕ್ಸ್‌ಗಳು ಜಪಾನಿನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿದವು, ಅದು ನಿಜ. ಆದರೆ ನಮ್ಮಲ್ಲಿ ಮಾರಾಟಕ್ಕೆ ಬರುವ 1994ರ ಬೈಕೂ ಜಪಾನ್, 1996ರ ಬೈಕೂ ಜಪಾನ್! ಆರ್‌ಸಿಯಲ್ಲಿ ತಯಾರಿಯ ವರ್ಷ ಇರುತ್ತದೆ, ಅದನ್ನು ಓದಿ ನಕ್ಕು ಸುಮ್ಮನಾಗಿ.

ವಿಂಟೇಜ್ ಎನ್ನುವುದಕ್ಕೆ ಕಾನೂನಿನಲ್ಲೇ ಅರ್ಥ ಉಂಟು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿಯ ಮೂಲ ಸ್ವರೂಪ ಉಳಿದಿರಬೇಕು. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮತ್ತೆ ಅದನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ. ಅತಿ ಹಳೆಯ ಆರ್‌ಎಕ್ಸ್ 100ಕ್ಕೂ 50 ತುಂಬುವುದು 2035ಕ್ಕೆ. ಹಾಗಾಗಿ ಈಗ ಯಾರಾದರೂ ವಿಂಟೇಜ್ ಎಂದು ಹತ್ತು ಸಾವಿರ ಏರಿಸಿದರೆ ಆ ಹತ್ತು ಸಾವಿರ ಬಾಯಿಮಾತಿನದ್ದು.

ಓರಿಜಿನಲ್ ಎಂಬುದಕ್ಕೆ ಮಾತ್ರ ನಾನು ದುಡ್ಡು ಕೊಡುತ್ತೇನೆ. ಮಾಸಿದ ಕಂಪೆನಿ ಪೇಂಟು, ಗೀರು ಬಿದ್ದ ಸೈಡ್ ಕವರು, ಎರಡೂ ಕಡೆ ಡ್ರಮ್ ಬ್ರೇಕು, ಮೊದಲ ಮಾಲಿಕರ ಹೆಸರಿನ ಆರ್‌ಸಿ ಪುಸ್ತಕ. ಇಂಥದ್ದು ಹೊಳೆಯುವ ಬೈಕಿಗಿಂತ ಒಳ್ಳೆಯದು, ಯಾಕೆಂದರೆ ಅದರ ಮೈಯಲ್ಲಿ ಏನೂ ಮುಚ್ಚಿಟ್ಟಿಲ್ಲ.

ರೇಟು ಮಾತಾಡುವುದು

ಆಟಿಯಲ್ಲಿ ತೆಗೊಳ್ಳಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ನಮ್ಮ ತುಳುನಾಡಿನಲ್ಲಿ ಶುಭವಲ್ಲವೆಂದು ಯಾರೂ ಗಾಡಿ ಕೊಳ್ಳುವುದಿಲ್ಲ, ಮಾರುವವರಿಗೆ ಗಿರಾಕಿ ಇರುವುದಿಲ್ಲ. ಬಾಯಿಬಿಟ್ಟರೆ ಹತ್ತು ಹದಿನೈದು ಸಾವಿರ ಇಳಿಯುತ್ತದೆ. ಮನೆಯಲ್ಲಿ ಅಮ್ಮ ಬೈದರೆ ಆಟಿಯಲ್ಲಿ ಮಾತಾಡಿ ಮುಂದಿನ ತಿಂಗಳು ಸೋಣದಲ್ಲಿ ತನ್ನಿ. ಜಡಿಮಳೆಯಲ್ಲಿ ನೋಡುವುದರಿಂದ ಇನ್ನೊಂದು ಲಾಭ: ವೈರಿಂಗು, ಸ್ಪಾರ್ಕು ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಏಪ್ರಿಲ್ ಮೇ, ಡಿಸೆಂಬರ್ ಬಿಟ್ಟುಬಿಡಿ. ಗಲ್ಫಿನವರು, ಮುಂಬೈಯವರು ರಜೆಯಲ್ಲಿ ಬರುವ ಕಾಲ, ಅವರೊಡನೆ ಪೈಪೋಟಿಗೆ ಬೀಳಬೇಡಿ.

ರೇಟು ಹೇಳುವ ಮೊದಲು ಒಂದು ಚೀಟಿ ಬರೆದುಕೊಳ್ಳಿ. ಎಂಜಿನ್ ಪೂರ್ತಿ ಬಿಚ್ಚಿದರೆ ಹದಿನೈದು ಸಾವಿರಕ್ಕೆ ಕಡಿಮೆ ಆಗುವುದಿಲ್ಲ ಎನ್ನುತ್ತಾನೆ ತಮ್ಮ, ಹಳೆ ಸ್ಟಾಕಿನ ಕಂಪೆನಿ ಭಾಗವೇ ಬೇಕೆಂದರೆ ಇನ್ನೂ ಮೇಲೆ. ಟಯರ್, ಚೈನ್ ಸೆಟ್, ವೈರಿಂಗು, ಕಾಗದದ ಖರ್ಚು. ಎಲ್ಲ ಕೂಡಿಸಿ ನಿಮ್ಮ ಕೈಯಲ್ಲಿರುವ ಮೊತ್ತದಿಂದ ಕಳೆಯಿರಿ, ಉಳಿದದ್ದು ನೀವು ಹೇಳಬಹುದಾದ ರೇಟು. "ನಾಳೆ ಕಣ್ಣೂರಿನ ಪಾರ್ಟಿ ಬರ್ತದೆ" ಎಂದು ಬ್ರೋಕರ್ ಹೇಳಿಯೇ ಹೇಳುತ್ತಾನೆ. ಬರಲಿ, ಪಾಪ. ಟೋಕನ್ ಕೊಡುವುದಾದರೆ ಸಣ್ಣ ಮೊತ್ತ, ಬ್ಯಾಂಕಿನ ಮೂಲಕ. ಟ್ರಾನ್ಸ್‌ಫರ್ ಆಗದಿದ್ದರೆ ವಾಪಸ್ ಎಂದು ಮೆಸೇಜಿನಲ್ಲಿ ಬರೆಸಿಕೊಳ್ಳಿ. ದೊಡ್ಡ ಮೊತ್ತ ಒಟಿಪಿ ಕೊಟ್ಟು ಅರ್ಜಿ ಹೋದ ದಿನವೇ.

ತೆಗೊಂಡ ಮೇಲೆ

ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರಿಗೂ ಒಂದು ಮಾತು. ಹೆಸರು ಬದಲಾಗದೆ ಬೈಕು ಕೊಟ್ಟು ಕಳಿಸಿ, ಆಮೇಲೆ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲಿಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪರಿಹಾರದ ಹೊರೆ ನಿಮ್ಮ ತಲೆಗೆ ಬರುತ್ತದೆ.

ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ಸುಲಭವಾಗಿ ಸಿಗುತ್ತದೆ. ಕಳ್ಳತನಕ್ಕೆ, ಸ್ವಂತ ಹಾನಿಗೆ ಬೇಕೆಂದರೆ ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪೆನಿಯೂ ನೀವೂ ಮಾತಾಡಿ ಒಪ್ಪಬೇಕು. ನೀವು ಕೊಟ್ಟ ಒಂದೂವರೆ ಲಕ್ಷವನ್ನು ಅವರು ಒಪ್ಪುವುದು ಕನಸು, ಹೆಚ್ಚಿನ ಕಂಪೆನಿಗಳು ಇಷ್ಟು ಹಳೆಯದಕ್ಕೆ ಕೈಯೇ ಹಾಕುವುದಿಲ್ಲ. ಅಂದರೆ ಬೈಕು ಕಳವಾದರೆ ಹೋದದ್ದು ಪೂರ್ತಿ ನಿಮ್ಮ ದುಡ್ಡು. ಹಳೆ ಹ್ಯಾಂಡಲ್ ಲಾಕಿಗೆ ಯಾವ ಬೀಗದ ಕೈಯೂ ಆಗುತ್ತದೆ. ಚಕ್ರಕ್ಕೆ ಚೈನ್ ಹಾಕಿ ಬೀಗ ಹಾಕಿ, ಒಂದು ಜಿಪಿಎಸ್ ಸೀಟಿನ ಕೆಳಗೆ ಅಡಗಿಸಿ.

2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟು, ಹಾಕಿಸಲೇಬೇಕು. ಕೂಗುವ ಸೈಲೆನ್ಸರ್ ಬೇಡ. ಮಣಿಪಾಲದ ರಸ್ತೆಯಲ್ಲಿ ರಾತ್ರಿ ಹತ್ತಕ್ಕೆ ಒಮ್ಮೆ ಕೂಗಿಸಿದರೆ ಮರುದಿನ ಅದು ಪೊಲೀಸರ ರೋಡ್ ರೋಲರಿನ ಅಡಿಗೆ. ಮೂಲ ಸೈಲೆನ್ಸರ್ ಕಿತ್ತವರು ಅದನ್ನು ಮಾರಬೇಡಿ, ಈಗ ಅದಕ್ಕೇ ಕೇಳುವವರು ಬೇರೆ ಇದ್ದಾರೆ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥೆನಾಲ್ ಬೆರೆತದ್ದು. ಆರ್‌ಎಕ್ಸ್‌ನ ಹಳೆ ರಬ್ಬರುಗಳನ್ನು ಇದಕ್ಕೆಂದು ಮಾಡಿದ್ದಲ್ಲ, ಮತ್ತೆ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಹಬ್ಬ. ಪೈಪು, ಕಾರ್ಬೊರೇಟರಿನ ಸೀಲುಗಳನ್ನು ಹೊಸದಾಗಿ ಹಾಕಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಲು ಬಿಡಿ, ಕಾರ್ಬೊರೇಟರಿನ ಬಟ್ಟಲು ಖಾಲಿಯಾಗುತ್ತದೆ. ಆಯಿಲ್ ಮಿಕ್ಸ್ ಮಾಡುವವರು ಲೀಟರಿಗೆ 30 ಎಂಎಲ್ ಲೆಕ್ಕ ಇಟ್ಟುಕೊಂಡು ಬಂಕಿನಲ್ಲೇ, ಪೆಟ್ರೋಲ್ ಬೀಳುವ ಮುಂಚೆ ಆಯಿಲ್ ಹಾಕಿ. ಮೇಲಿಂದ ಬೀಳುವ ಪೆಟ್ರೋಲಿನ ರಭಸಕ್ಕೆ ಅದು ತಾನಾಗಿ ಬೆರೆಯುತ್ತದೆ.